ಸತ್ತ ಮೇಲಿನ ಬಿಡುಗಡೆ

ಮೊಮ್ಮಗಳ ಪುಸ್ತಕದಲ್ಲಿ ಇವತ್ತು ಅಮೆರಿಕದ ಮೊದಲ ಅಧ್ಯಕ್ಷರ ಚಿತ್ರ ಕಂಡಾಗ ಕಮಠಾಣದ ನಮ್ಮ ಸಾಲೆ ನೆನಪಾಯಿತು.

ಬೀದರ ಆಗಷ್ಟೇ ಮೈಸೂರು ರಾಜ್ಯಕ್ಕೆ ಸೇರಿತ್ತು. ನಮಗೆ ಮೈಸೂರು ಕಡೆಯ ಹೊಸ ಮೇಷ್ಟ್ರು ಬಂದಿದ್ದರು. ಅಮೆರಿಕದ ಈ ಮೊದಲ ಅಧ್ಯಕ್ಷ ಸೇನಾಪತಿಯಾಗಿ ಯುದ್ಧ ಗೆದ್ದು ದೇಶ ಕಟ್ಟಿದರೂ ರಾಜನಾಗಲಿಲ್ಲ, ಅಧಿಕಾರ ಬಿಟ್ಟು ತನ್ನ ಹೊಲಕ್ಕೆ ಮರಳಿದ ಎಂದು ಅವರು ಹೇಳಿದರು. ಪಾಟೀಲರಲ್ಲಿ ಜೀತಕ್ಕಿದ್ದ ಅಪ್ಪನಿಗೆ ಸಂಜೆ ಅದನ್ನೇ ಹೇಳಿದೆ. ಅಪ್ಪ ಹಿಗ್ಗಿದ.

"ಯಾವ ರಾಜ ಹಂಗ ಬಿಟ್ಟಾನ? ಭಾಳ ದೊಡ್ಡ ಮನಷ್ಯಾ ಬಿಡವ್ವ!"

ಅವ್ವ ರೊಟ್ಟಿ ಬಡಿಯುತ್ತಲೇ ಕೇಳಿದಳು: "ಅವನ ಹೊಲದಾಗ ದುಡೀತಿದ್ದವರು ಯಾರಂತ?"

ಮರುದಿನ ಮೇಷ್ಟ್ರನ್ನು ಕೇಳಿದೆ. ಅವರು ಪುಸ್ತಕ ಮುಚ್ಚಿಟ್ಟು ಹೇಳಿದರು:

"ಗುಲಾಮರು ಕಣಮ್ಮ. ತಾವೂ ತಮ್ಮ ಹೆಂಡತಿಯೂ ಸತ್ತ ಮೇಲೆ ತಮ್ಮ ಗುಲಾಮರನ್ನ ಬಿಡುಗಡೆ ಮಾಡಬೇಕು ಅಂತ ಬರೆದಿಟ್ಟಿದ್ದರು."

ನನಗೆ ಸಂತೋಷಪಡಬೇಕೋ ಅಳಬೇಕೋ ತಿಳಿಯಲಿಲ್ಲ. ಮನೆಗೆ ಬಂದು ಹೇಳಿದಾಗ ಅಪ್ಪ ತುತ್ತನ್ನು ಕೈಯಲ್ಲೇ ಹಿಡಿದು ಕೂತ.

"ಸಾಯೋತನಕ ಯಾಕ ಕಾಯ್ದರವ್ವಾ?"

ಅವ್ವ ಅವನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು.

"ಇವ್ರು ಛಲೋ ಮನಷ್ಯಾ ಏನು ಆಯಿ?" ಎಂದು ಮೊಮ್ಮಗಳು ಈಗ ಆ ಚಿತ್ರ ತೋರಿಸಿ ಕೇಳುತ್ತಿದ್ದಾಳೆ. ಹೌದು ಎನ್ನಲು ಬಾಯಿ ತೆರೆದೆ. ಅಪ್ಪನ ಮುಖ ಕಣ್ಣ ಮುಂದೆ ಬಂತು; ಅಂದು ಅವನು ಕೇಳಿದ ಪ್ರಶ್ನೆಯನ್ನೇ ಅವಳಿಗೆ ಹೇಳತೊಡಗಿದೆ.