ಗಂಟಿಲ್ಲದ ಹಲಗೆ

ಅಣ್ಣ, ಆ ಹಲಗೆಯಲ್ಲಿ ಗಂಟಿರಲಿಲ್ಲ. ಉಳಿ ಹಾಕಿ ಬಗೆದವಳು ನಾನು. ಇಷ್ಟು ವರ್ಷ ಇದನ್ನು ನುಂಗಿಕೊಂಡು ನಿನ್ನ ಎದುರು ಕೂತು ಉಂಡಿದ್ದೇನೆ, ಗೌರಿ ಹಬ್ಬಕ್ಕೆ ನೀನು ತಂದ ಬಾಗಿನ ಕೈಯೊಡ್ಡಿ ತೆಗೆದುಕೊಂಡಿದ್ದೇನೆ —

ಯುದ್ಧದ ಕಾಲ. ಅಮ್ಮ ತೀರಿಕೊಂಡಿದ್ದಳು. ಹೊಸೂರಿನ ಮನೆಯಲ್ಲಿ ಬಾಗಿಲು ಮಾಡುವ ಅಪ್ಪ, ನೀನು, ನಾನು. ಅಪ್ಪ ಮಾತಾಡುವುದೇ ಅಪರೂಪ. ನೀನು ಮಿಕ್ಕಿದ ಹಲಗೆಗಳಲ್ಲಿ ರಾತ್ರಿಯನ್ನು ಕೆತ್ತುತ್ತಿದ್ದೆ — ಕೆರೆ, ಅದರಾಚೆಯ ಗುಡ್ಡ, ಹೊಲದ ಗುಡಿಸಲಲ್ಲೊಂದು ದೀಪ. ಹಲಗೆಗೆ ಮಸಿ ಹಚ್ಚಿ ಕಾಗದಕ್ಕೆ ಅಚ್ಚು ತೆಗೆದರೆ, ಕೆತ್ತಿದ ಕಡೆ ಮಸಿ ಹತ್ತುವುದಿಲ್ಲ, ಕಾಗದದ ಮೇಲೆ ಅದೇ ಬೆಳಕು, ಉಳಿದದ್ದೆಲ್ಲ ಕತ್ತಲೆ.

“ಚಂದ್ರ ಎಲ್ಲಣ್ಣ?” ಎಂದಿದ್ದೆ.

“ಚಂದ್ರನ್ನ ನಿನ್ ಮದ್ವೇಗ್ ಕೊಡ್ತೀನಿ, ಸುಮ್ನಿರಮ್ಮಿ. ಕತ್ಲೆ ಕೆತ್ತಕ್ಕಾಗಲ್ಲ, ಬಿಡ್ಬೇಕು ಅಷ್ಟೆ.”

ಮದ್ರಾಸಿನ ಚಿತ್ರಶಾಲೆಯವರು ಒಂದು ಅಚ್ಚು ಕಳಿಸು, ನೋಡಿ ಸೇರಿಸಿಕೊಳ್ಳುತ್ತೇವೆ ಎಂದು ಬರೆದರು. ಒಳ್ಳೆಯ ಕಾಗದ ಸಿಗುತ್ತಿರಲಿಲ್ಲ; ನಿನ್ನ ಹತ್ತಿರ ಒಂದೇ ಹಾಳೆ. “ಅಚ್ಚು ತಿಕ್ಕೋ ಹದ ನಿನ್ ಕೈಗೇ ಬಂದಿರೋದು” ಎಂದು ಅದನ್ನು ನನಗೆ ಒಪ್ಪಿಸಿ, ಅಪ್ಪನ ಜೊತೆ ಕೃಷ್ಣಗಿರಿಗೆ ಬಾಗಿಲು ಕೂರಿಸಲು ಹೋದೆ.

ಮಾರನೆಯ ಬೆಳಿಗ್ಗೆ ನಾನು ಹಾಳೆಯನ್ನು ತೇವ ಮಾಡಿದೆ. ಬಟ್ಟೆಯ ಉಂಡೆಯಿಂದ ಹಲಗೆಗೆ ಮಸಿ ತಟ್ಟಿ, ಹಾಳೆ ಹಾಸಿ, ಮರದ ಸೌಟಿನ ಬೆನ್ನಿನಿಂದ ತಿಕ್ಕಿದೆ. ಎತ್ತಿ ನೋಡಿದರೆ — ಅಣ್ಣ, ಎಷ್ಟು ಚೆನ್ನಾಗಿ ಬಂದಿತ್ತು! ಕತ್ತಲೆ ಎಲ್ಲೂ ಹರಿದಿರಲಿಲ್ಲ. ಆ ಗುಡಿಸಲಲ್ಲಿ ಯಾರೋ ಎಚ್ಚರವಿದ್ದಾರೆ ಎನಿಸುತ್ತಿತ್ತು. ಇದನ್ನು ನೋಡಿದವರು ನಿನ್ನನ್ನು ಬಿಡುವುದಿಲ್ಲ. ನೀನು ಹೊರಟುಬಿಡುತ್ತೀಯ. ಆಮೇಲೆ ಈ ಮನೆಯಲ್ಲಿ ನಾನು —

ಉಳಿ ಕೈಗೆ ಹೇಗೆ ಬಂತೋ ಎನ್ನಲಾರೆ. ಗೊತ್ತಿದ್ದೇ ತೆಗೆದುಕೊಂಡೆ. ಮರದ ಗಂಟು ಕಳಚಿಬಿದ್ದ ಗುಳಿ ಹೇಗಿರುತ್ತದೆಂದು ಬಡಗಿಯ ಮಗಳಿಗೆ ಗೊತ್ತು. ಹಲಗೆಯಲ್ಲಿ, ಗುಡ್ಡದ ಮೇಲಿನ ಆಕಾಶದಲ್ಲಿ ಹಾಗೆಯೇ ದುಂಡಗೆ, ಹೆಬ್ಬೆರಳಷ್ಟು ಬಗೆದೆ. ಅಚ್ಚು ಒಣಗಿದ ಮೇಲೆ ಅದನ್ನು ಅಮ್ಮನ ಸೀರೆಯ ಮಡಿಕೆಯೊಳಗೆ ಇಟ್ಟೆ.

ನೀವು ಹಿಂತಿರುಗಿದಾಗ ಹೇಳಿದೆ: “ಗಂಟಿತ್ತಣ್ಣ, ಹಾಳೆ ಜೊತೆ ಎದ್ಬಂತು. ಹರಿದಿದ್ದನ್ನ ಒಲೆಗಾಕ್ಬುಟ್ಟೆ.”

ನೀನು ಬಯ್ಯಲಿಲ್ಲ. ಗುಳಿಯ ಮೇಲೆ ಬೆರಳಾಡಿಸಿದೆ. “ನಂಗೆ ಕಾಣ್ಲೇ ಇಲ್ವಲ್ಲಮ್ಮಿ. ಮರ ನೋಡಕ್ ಬರ್ದೋನು ಮದ್ರಾಸಿಗೋಗಿ ಏನ್ ಕಿಸೀತೀನಿ?”

ಆಮೇಲೆ ನೀನು ರಾತ್ರಿಯನ್ನು ಕೆತ್ತಲೇ ಇಲ್ಲ. ಒಂದು ಹಲಗೆ ಆರಿಸಬೇಕಾದರೂ ಅಪ್ಪನನ್ನು ಕರೆಯುತ್ತಿದ್ದೆ. ಎರಡು ವರ್ಷಕ್ಕೆ ನಾನೇ ಮದುವೆಯಾಗಿ ಗುಮ್ಮಳಾಪುರಕ್ಕೆ ಬಂದುಬಿಟ್ಟೆ — ಒಂಟಿಯಾಗುವ ಭಯಕ್ಕೆ ನಿನ್ನನ್ನು ಹಿಡಿದಿಟ್ಟವಳು, ನಿನ್ನನ್ನೇ ಒಂಟಿ ಮಾಡಿ.

ಆ ಅಚ್ಚು ನನ್ನ ಪೆಟ್ಟಿಗೆಯಲ್ಲಿದೆ. ಹಲಗೆ ಹಾಳಾಗಿದ್ದರೂ ಅವತ್ತು ಅದೊಂದನ್ನು ಕೊಟ್ಟಿದ್ದರೆ ಸಾಕಿತ್ತು. ಚಿಕ್ಕವಳಿದ್ದೆ ಎನ್ನಲಾರೆ, ದೊಡ್ಡವಳಾದ ಮೇಲೂ ಹೇಳಲಿಲ್ಲ.

ಈ ಕಾಗದ ಅಂಚೆಯಲ್ಲಿ ಬರುತ್ತದೆ. ಅಚ್ಚನ್ನು ಯಾರ ಕೈಲೂ ಕಳಿಸುವುದಿಲ್ಲ. ಶುಕ್ರವಾರ ನಾನೇ ತರುತ್ತೇನೆ. ನೀನು ಅದನ್ನು ನೋಡುವಷ್ಟು ಹೊತ್ತು ಹೊಸಿಲಾಚೆ ನಿಂತಿರುತ್ತೇನೆ. ಒಳಗೆ ಕರೆಯಬೇಕೆಂದಿಲ್ಲ.