ಬಾಗಿಲ ಹೊರಗೆ ಕಾಯುವವರ ಶಾಂತಾದೇವಿ

ಯಾದಗಿರಿ ಸೀಮೆಯಲ್ಲಿ ಹೃದ್ರೋಗಿಗಳ ಶುಶ್ರೂಷೆಯ ಮಾತು ಬಂದಾಗ ಶ್ರೀಮತಿ ಶಾಂತಾದೇವಿಯವರ ಹೆಸರನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಸುರಪುರದಲ್ಲಿ ಹುಟ್ಟಿ, ಶಹಾಪುರದಲ್ಲಿ ದಾದಿಯಾಗಿ ಸೇವೆಗೆ ಸೇರಿ, ಯಾದಗಿರಿಯ ಖಾಸಗಿ ಆಸ್ಪತ್ರೆಯೊಂದರ ಹೃದಯ ವಿಭಾಗದ ಮುಖ್ಯ ಶುಶ್ರೂಷಕಿಯಾಗಿ ಈಗ ನಿವೃತ್ತರಾಗುತ್ತಿರುವ ಈ ತಾಯಿಗೆ ಸಿಟ್ಟು ಬೇಗ, ಕರುಣೆ ಅದಕ್ಕಿಂತ ಬೇಗ.

ಭೀಮಾ ತೀರದ ಮೀನುಗಾರ ವೆಂಕಪ್ಪನನ್ನು ಎದೆನೋವೆಂದು ಕರೆತಂದ ಆ ಬೆಳಗು ಅವರಿಗೆ ಇಂದಿಗೂ ಅರೆಗನಸಿನಂತೆ ತೇಲಿಬರುತ್ತದೆ. ಕಿಟಕಿಯ ಗಾಜಿನಾಚೆ ಊರೆಲ್ಲ ಮಂಜಿನಲ್ಲಿ ಮುಳುಗಿತ್ತು. ರಕ್ತನಾಳದ ಅಡಚಣೆ ತೆಗೆಯಲು ಒಳಗೊಯ್ಯುವ ಅವಸರದಲ್ಲಿ ಸಿಬ್ಬಂದಿಯೊಬ್ಬರು ಅವನ ಸೊಂಟದ ಉಡದಾರ ಕತ್ತರಿಸಿ, ಬಟ್ಟೆಯೊಡನೆ ಹೆಂಡತಿ ಸಾಯಬಮ್ಮನ ಕೈಗಿಟ್ಟು, ಒಂದು ಮಾತೂ ಆಡದೆ ಬಾಗಿಲು ಹಾಕಿಕೊಂಡರು. ಗಂಡಸಿನ ಉಡದಾರ ಹರಿಯುವುದು ಅವನ ಉಸಿರು ನಿಂತ ಮೇಲೆಯೇ ಎಂಬುದು ಆಕೆ ಬಲ್ಲ ರೂಢಿ.

ಚಿಕಿತ್ಸೆ ಸಫಲವಾಗಿ ಶಾಂತಾದೇವಿಯವರು ನಗುತ್ತ ಹೊರಬಂದರೆ, ಸಾಯಬಮ್ಮ ಹಣೆಯ ಕುಂಕುಮ ಒರೆಸಿಕೊಂಡು ನೆಲದ ಮೇಲೆ ಕುಳಿತಿದ್ದಳು. ಊರಿಗೆ ಸಾವಿನ ಸುದ್ದಿಯೂ ಹೋಗಿತ್ತು. ಶಾಂತಾದೇವಿಯವರು ಆಕೆಯ ಪಕ್ಕದಲ್ಲೇ ನೆಲದ ಮೇಲೆ ಕುಳಿತರು.

"ಯವ್ವಾ, ನಿಮ್ಮ ಮನಿಯವರು ಚಲೋ ಅದಾರ."

"ಸಮಾಧಾನಕ್ಕ ಹೇಳಬ್ಯಾಡ್ರಿ ಅಕ್ಕಾರ. ಉಡದಾರ ನನ್ನ ಕೈಯಾಗ ಕೊಟ್ಟೀರಲ್ಲ."

ಶಾಂತಾದೇವಿಯವರು ಎದ್ದರು. ಯಾರನ್ನೂ ಬಿಡದ ಆ ಕೋಣೆಗೆ, ನಿಯಮ ಹಾಳಾಗಿ ಹೋಗಲೆಂದು, ಆಕೆಯ ಕೈಕಾಲು ತೊಳೆಸಿ ಕರೆದೊಯ್ದು, ಅಂಗೈಯನ್ನು ಗಂಡನ ಎದೆಯ ಮೇಲಿಟ್ಟರು. ಮಂಪರಿನಲ್ಲಿದ್ದ ವೆಂಕಪ್ಪ ಕಣ್ಣು ತೆರೆದು, "ಹಣಿ ಯಾಕ ಬರಿದಾಗ್ಯದ?" ಎಂದ. ಸಾಯಬಮ್ಮ ನಗುತ್ತಲೇ ಅತ್ತಳು. ಶಾಂತಾದೇವಿಯವರೂ ಕಣ್ಣೊರೆಸಿಕೊಂಡರು.

ಆ ದಿನ ಚಿಕಿತ್ಸೆ ಮಾಡಿದ ವೈದ್ಯ ಕಾಂತೇಶರೊಡನೆ ಅವರು ಜಗಳವನ್ನೇ ಆಡಿದರು. ಪಾಪ, ವೈದ್ಯರು ತಲೆತಗ್ಗಿಸಿ ತಪ್ಪೊಪ್ಪಿದರು. ಅಂದಿನಿಂದ ಅಲ್ಲಿ ಉಡದಾರವನ್ನು ಮನೆಯವರೇ ಬಿಚ್ಚುತ್ತಾರೆ. ಏಕೆ ಬಿಚ್ಚಬೇಕೆಂದು ಅವರಿಗೆ ಮೊದಲೇ ತಿಳಿಸಲಾಗುತ್ತದೆ, ಒಳಗಿನ ಸುದ್ದಿಯನ್ನು ಯಾರಾದರೊಬ್ಬರು ಹೊರಗೆ ಬಂದು ಹೇಳುತ್ತಲೇ ಇರುತ್ತಾರೆ.

ಮುಂದೊಮ್ಮೆ ಸೇವೆಯ ಗುಣಮಟ್ಟ ವಿಚಾರಿಸಲು ಬಂದವರು ಆಸ್ಪತ್ರೆ ಹೇಗಿತ್ತೆಂದು ಕೇಳಿದಾಗ ವೆಂಕಪ್ಪ ಯಂತ್ರದ ಮಾತನ್ನಾಗಲಿ ಔಷಧಿಯ ಮಾತನ್ನಾಗಲಿ ಎತ್ತಲಿಲ್ಲ. ಪಕ್ಕದಲ್ಲಿದ್ದ ಹೆಂಡತಿಯನ್ನು ತೋರಿಸಿ, "ನನ್ನ ಎದಿ ಡಾಕ್ಟರ್ ಸಾಹೇಬ್ರು ಉಳಿಸಿದ್ರು. ಇಕಿದು ಅಕ್ಕಾರು ಉಳಿಸಿದ್ರು," ಎಂದ.

ಶಾಂತಾದೇವಿಯವರ ಆಯುಷ್ಯ ಭೀಮೆಯ ಹರಿವಿನಷ್ಟು ಉದ್ದವಾಗಲಿ. ನಾಳೆಯಿಂದ ಮೈಮೇಲೆ ಸಮವಸ್ತ್ರವಿರುವುದಿಲ್ಲ. ಆದರೂ ಆ ಬಾಗಿಲ ಹೊರಗೆ ಯಾರಾದರೂ ಒಂಟಿಯಾಗಿ ಕುಳಿತಿದ್ದರೆ, ಅವರ ಪಕ್ಕಕ್ಕೆ ಇವರು ಬಂದು ಕೂರುವಂತಾಗಲಿ.