ಬೀಗರಿಲ್ಲದ ಊರಿನ ದವಾಖಾನಿ

ಬೆಟಗೇರಿಯ ನಮ್ಮ ಮನೆಯ ಪಡಸಾಲೆಯಲ್ಲಿ ಅವತ್ತು ನಾಲ್ವರಿದ್ದೆವು: ಅವ್ವ, ಲಕ್ಷ್ಮೇಶ್ವರದಿಂದ ಬಂದಿದ್ದ ಅಕ್ಕ, ನನ್ನ ಹೆಂಡತಿ, ಮತ್ತು ಕುಡುಕನಾದ ನಾನು. ಮಗ್ಗ ನಿಲ್ಲಿಸಿದ್ದರು. ನನ್ನ ಸಲುವಾಗಿ ಮಗ್ಗ ನಿಂತದ್ದು ಹಿಂದೆ ಒಮ್ಮೆ ಮಾತ್ರ, ನನ್ನ ಮದುವೆಯ ದಿನ.

ಹೆಂಡತಿ ಕಡ್ಡಿ ಮುರಿದಂಗ ಹೇಳಿದಳು: "ಒಳಗ ಇಟಗೊಂಡು ಕುಡಿಯೋದು ಬಿಡಿಸೋ ದವಾಖಾನಿಗೆ ಹೋದ್ರ ಆತು. ಇಲ್ಲಾಂದ್ರ ನಾ ಮಗಳನ್ನ ಕರಕೊಂಡು ಶಿರಹಟ್ಟಿಗೆ, ನಮ್ಮಪ್ಪನ ಮನಿಗೆ ಹೋಗ್ತೀನಿ."

"ಭಂಡಾರ ಮುಟ್ಟಿಸಿ ಆಣಿ ಮಾಡ್ಸೋಣಲ್ಲ?" ಅಂದಳು ಅವ್ವ.

"ಎಷ್ಟು ಸಲ, ಅತ್ತಿ? ದೇವರಿಗೇ ನಾಚಿಕಿ ಬಂದೈತಿ."

ಖರೆ. ನಾಲ್ಕು ಸಲ ಭಂಡಾರ, ಅಂದರ ದೇವರ ಅರಿಷಿಣ ಪುಡಿ, ಮುಟ್ಟಿದ್ದೆ. ಒಮ್ಮೆಯಂತೂ 'ಈ ಮನಿಯೊಳಗ ಕುಡಿಯೂದಿಲ್ಲ' ಅಂತ ಆಣೆ ಮಾಡಿ, ಹೊರಗಿನ ಕಟ್ಟೆಯ ಮೇಲೆ ಕೂತು ಕುಡಿದಿದ್ದೆ. ದೇವರ ಜೋಡಿ ವಕೀಲಿಕಿ ಮಾಡಿದ ಮನುಷ್ಯ ನಾನು.

"ದಿನಾ ಮುಂಜಾನೆ ಗದಗಿಗೆ ಹೋಗಿ ಗುಳಿಗಿ ತಗೊಂಡು ಸಂಜಿಕ ಬರ್ತೀನಿ," ಅಂದೆ.

"ಲೇ, ನೀ ಹೋಗೂದು ಖರೆ, ಬರೂದು ಸುಳ್ಳು," ಅಂದಳು ಅವ್ವ. "ಹಾಲು ತರಾಕ ಹೋದಾಂವ ಮರುದಿನ ಬಂದಿ. ಅದೂ ಹಾಲಿಲ್ಲದ."

ಅಕ್ಕನ ಕರುಳು ಮೆತ್ತಗ. "ನಮ್ಮ ಲಕ್ಷ್ಮೇಶ್ವರದಾಗ ಅಂಥಾ ದವಾಖಾನಿ ಒಂದು ಐತಂತ. ಅಲ್ಲೇ ಇಡ್ರಿ. ನಾ ದಿನಾ ರೊಟ್ಟಿ ಬುತ್ತಿ ಒಯ್ದು ಕೊಡ್ತೀನಿ."

ನನ್ನ ಮುಖ ಅರಳಿತು. ಹೆಂಡತಿ ಅದನ್ನೇ ನೋಡುತ್ತಿದ್ದಳು.

"ನೋಡ್ರಿ ಅಕ್ಕಾರ, ಹೆಂಗ ಹಲ್ಲು ಕಿಸ್ಯಾಕ ಹತ್ತ್ಯಾರ! ಮೂರನೇ ದಿನ 'ಅಕ್ಕಾ, ಸಾಯ್ತೀನಿ' ಅಂತಾರ, ನೀವ ಹೋಗಿ ಬಿಡಿಸ್ಕೊಂಡು ಬರ್ತೀರಿ."

ತಾನು ಹಾಗೇ ಮಾಡುವವಳೆಂದು ಅಕ್ಕನಿಗೂ ಗೊತ್ತಿತ್ತು.

ನಮ್ಮ ಮಂದಿ ಯಾರನ್ನಾದರೂ ದವಾಖಾನೆಗೆ ಹಾಕುವಾಗ ಡಾಕ್ಟರು ಹೆಂಗದಾರ ಅಂತ ಕೇಳುವುದಿಲ್ಲ. ಆ ಊರಾಗ ನಮ್ಮವರು ಯಾರದಾರ ಅಂತ ಕೇಳುತ್ತಾರೆ. ನನ್ನ ಹೆಂಡತಿ ಅದನ್ನು ತಿರುವಿ ಹಾಕಿದಳು. ಗದಗ ಬ್ಯಾಡ, ಲಕ್ಷ್ಮೇಶ್ವರ ಬ್ಯಾಡ, ತನ್ನ ತವರು ಶಿರಹಟ್ಟಿ ಮೊದಲೇ ಬ್ಯಾಡ. ಮುಂಡರಗಿ ಕಡೆ ಒಂದು ಕೇಂದ್ರವಿತ್ತು. ಆ ದಿಕ್ಕಿನಲ್ಲಿ ನಮ್ಮ ಬೀಗರ ಪೈಕಿ ಒಂದು ನಾಯಿ ಸುದ್ಧಾ ಇರಲಿಲ್ಲ. ಅಲ್ಲಿಗೇ ಅಂದಳು.

ಒಪ್ಪಿಗೆ ಪತ್ರಕ್ಕೆ ನಾನೇ ಸಹಿ ಹಾಕಬೇಕಿತ್ತು. ಸಹಿ ಇರುವೆ ಹರಿದಂಗಾತು. ಮೂರನೇ ದಿನ ಖರೇನ ಗೋಳಾಡಿದೆ. ಗೋಳು ಕೇಳಿ ಕರಗುವವರು ಹತ್ತಿರ ಯಾರೂ ಇರಲಿಲ್ಲವಾದ್ದರಿಂದ ಮೂರು ತಿಂಗಳು ಅಲ್ಲೇ ಉಳಿದೆ. ಮನೆಗೆ ಬಂದಾಗ ಹೆಂಡತಿಯೂ ಮಗಳೂ ಮನೆಯಲ್ಲೇ ಇದ್ದರು.

ಆರು ತಿಂಗಳ ಮೇಲೆ ಮುಳಗುಂದದ ಒಂದು ಮದುವೆಯಲ್ಲಿ ಮತ್ತೆ ಕುಡಿದೆ. ಮರುದಿನ ಮುಂಜಾನೆ ಹೆಂಡತಿಗೆ ಹೇಳಿ, ಚೀಲದಲ್ಲಿ ಎರಡು ಜೋಡಿ ಅರಿವಿ ತುಂಬಿಕೊಂಡು, ಮುಂಡರಗಿ ಬಸ್ಸು ಹತ್ತಿದೆ.